ಊಟ ಶುರುವಾದ ಮೇಲೆ ಎದೆಹಾಲು: ಸಲಹೆಗಾರ್ತಿಯೊಂದಿಗೆ ಪ್ರಶ್ನೋತ್ತರ

ಸಲಹೆಗಾರ್ತಿ: ಸಂಜೆ ಎರಡು ಗಂಟೆ ಕಾಲ ಇಲ್ಲಿರುತ್ತೇನೆ. ಮಗುವಿನ ವಯಸ್ಸು, ದಿನಕ್ಕೆ ಎಷ್ಟು ಸಲ ಹಾಲು, ಎಷ್ಟು ಸಲ ಊಟ, ಎಷ್ಟು ಸಲ ಮೂತ್ರ, ಈಚಿನ ತೂಕ ಇಷ್ಟನ್ನೂ ಬರೆಯಿರಿ. “ಹಾಲು ಕಡಿಮೆ, ಏನು ಮಾಡಲಿ” ಎಂದಷ್ಟೇ ಕೇಳಿದರೆ ಉತ್ತರವೂ ಅಷ್ಟೇ ಉದ್ದವಿರುತ್ತದೆ.

ಪುಟ್ಟಿಯ ಅಮ್ಮ: ನಮಸ್ತೆ ಮೇಡಂ. ಮಗಳಿಗೆ ಆರೂವರೆ ತಿಂಗಳು. ಊಟ ಮೊದಲೋ, ಹಾಲು ಮೊದಲೋ?

ಸಲಹೆಗಾರ್ತಿ: ಈಗ ಹಾಲು ಮೊದಲು. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಊಟ. ಆರರಿಂದ ಎಂಟು ತಿಂಗಳ ಮಗುವಿಗೆ ಊಟದಿಂದ ಬೇಕಾಗಿರುವುದು ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತು ತಿಂಗಳಿನಿಂದ ಸುಮಾರು 300. ಮಿಕ್ಕದ್ದೆಲ್ಲ ಹಾಲಿನ ಪಾಲು. ಹಾಗೆಂದು ಊಟವನ್ನು ಮುಂದೂಡಬೇಡಿ. ಆರು ತಿಂಗಳ ನಂತರ ಕಬ್ಬಿಣದಂಶ ಹಾಲೊಂದರಿಂದಲೇ ಸಾಲದು.

ಸದಸ್ಯೆ 1: ಎಂಟು ತಿಂಗಳು. ಎದೆ ಮೊದಲಿನಂತೆ ಬಿಗಿಯುವುದಿಲ್ಲ. ಪಂಪ್ ಮಾಡಿದರೆ 40 ಮಿ.ಲೀ. ದಾಟುವುದಿಲ್ಲ. ಹಾಲು ಬತ್ತಿತೇ? ತೂಕ ಏರುತ್ತಿದೆ, ಡೈಪರ್ ಆರೇಳು ಸಲ ಒದ್ದೆಯಾಗುತ್ತದೆ.

ಸಲಹೆಗಾರ್ತಿ: ಉತ್ತರ ನಿಮ್ಮ ಕೊನೆಯ ಸಾಲಿನಲ್ಲಿಯೇ ಇದೆ. ಎದೆ ಮೆತ್ತಗಾಗುವುದು ಬೇಡಿಕೆಗೆ ಹೊಂದಿಕೊಂಡ ಲಕ್ಷಣ. ಮಗು ಎಳೆದಷ್ಟು ಹಾಲನ್ನು ಪಂಪ್ ಎಳೆಯುವುದಿಲ್ಲ.

ಸದಸ್ಯೆ 2: ನನಗೂ ಎದೆ ಬಿಗಿಯುವುದಿಲ್ಲ ಮೇಡಂ. ಏನು ಮಾಡಲಿ?

ಸಲಹೆಗಾರ್ತಿ: ಮೇಲೆ ನೋಡಿ.

ಸದಸ್ಯೆ 3: ಹಲ್ಲು ಬಂದಿರುವ ಮಗು ಕುಡಿಯುವಾಗ ಕಚ್ಚುತ್ತದೆ. ದಯವಿಟ್ಟು ತಿಳಿಸಿ.

ಹಿರಿಯ ಸದಸ್ಯೆ: ಎಲ್ಲರಿಗೂ ಉಪಯೋಗವಾಗಲಿ ಎಂದು, ನನಗೆ ಬಂದದ್ದನ್ನು ಕಳುಹಿಸುತ್ತಿದ್ದೇನೆ: “ರಾತ್ರಿ ನೆನೆಸಿಟ್ಟ ಮೆಂತ್ಯದ ನೀರನ್ನು ಬೆಳಿಗ್ಗೆ ಜೇನಿನೊಂದಿಗೆ ಕುಡಿದರೆ ಮೂರೇ ದಿನಗಳಲ್ಲಿ ಹಾಲು ಉಕ್ಕುತ್ತದೆ. ಮಗುವಿಗೂ ಒಂದು ಬೆರಳು ನೆಕ್ಕಿಸಿ. ಹತ್ತು ತಾಯಂದಿರಿಗೆ ತಲುಪಿಸಿ.”

ಸಲಹೆಗಾರ್ತಿ: ಒಬ್ಬರಿಗೂ ತಲುಪಿಸಬೇಡಿ. ವರ್ಷ ತುಂಬದ ಮಗುವಿಗೆ ಜೇನು ಒಂದು ಹನಿಯೂ ಕೂಡದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಮಗುವಿನ ಕರುಳಿನಲ್ಲಿ ವಿಷ ಉತ್ಪಾದಿಸುತ್ತವೆ. ಬಾಟ್ಯುಲಿಸಂ ಎಂಬ ಆ ಕಾಯಿಲೆಯಲ್ಲಿ ಸ್ನಾಯುಗಳು ಸೋತು, ಮಗುವಿಗೆ ಹಾಲು ಚೀಪಲೂ ಉಸಿರಾಡಲೂ ಆಗದಂತಾಗಬಹುದು. ಮೆಂತ್ಯವನ್ನು ಔಷಧಿಯಂತೆ ದಿನವೂ ತೆಗೆದುಕೊಂಡರೆ ರಕ್ತದ ಸಕ್ಕರೆ ಇಳಿಯಬಹುದು. ಮಧುಮೇಹದ ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆ ತೆಗೆದುಕೊಳ್ಳುವವರು ಅದರ ತಂಟೆಗೆ ಹೋಗಬೇಡಿ.

ಹಿರಿಯ ಸದಸ್ಯೆ: ನಾವು ನಾಲ್ಕು ಮಕ್ಕಳನ್ನು ಸಾಕಿದವರು.

ಎಂಟು ತಿಂಗಳ ಮಗನ ತಾಯಿ: ಮೇಡಂ, ಮಗನಿಗೆ ದಿನಕ್ಕೆ ಮೂರು ಊಟ, ನಾಲ್ಕು ಸಲ ಹಾಲು. ಎರಡು ವಾರಗಳಿಂದ ಬಾಯಿ ಹಾಕಿ ಎರಡು ನಿಮಿಷಕ್ಕೆ ಬಿಟ್ಟು ಅಳುತ್ತಾನೆ. ತೊಟ್ಟು ಮುಟ್ಟಿದರೆ ನೋವು. ನನಗೆ ವಿಪರೀತ ಆಯಾಸ, ನಿದ್ದೆಗೆಟ್ಟಿದ್ದಕ್ಕೋ ಏನೋ ಹೊಟ್ಟೆ ತೊಳಸುತ್ತದೆ. ಮುಟ್ಟು ಇನ್ನೂ ಬಂದಿಲ್ಲ. ಮೊದಲು ಏಳು ಡೈಪರ್, ಈಗ ನಾಲ್ಕು. ಒಂದು ತಿಂಗಳಿನಿಂದ ತೂಕ ಏರಿಲ್ಲ. ಅತ್ತೆ “ನಿನ್ನ ಹಾಲು ಕೆಟ್ಟಿದೆ” ಎನ್ನುತ್ತಾರೆ. ಊಟ ಕಡಿಮೆ ಮಾಡಲೇ?

ಸದಸ್ಯೆ 4: ರಾತ್ರಿಯ ಹಾಲು ನಿಲ್ಲಿಸಿ ಅಕ್ಕ. ಹಗಲು ಹಸಿವಾಗಿ ಚೆನ್ನಾಗಿ ಕುಡಿಯುತ್ತಾನೆ.

ಅವಳಿಗಳ ತಾಯಿ: ತಿಳಿಯದೆ ಹೇಳಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚು. ಹಾಲು ಇಳಿದಿರುವಾಗ ಇರುವುದನ್ನೂ ನಿಲ್ಲಿಸುವುದೇ?

ಸದಸ್ಯೆ 4: ನಾನು ನಿಲ್ಲಿಸಿದೆ, ನನಗೇನೂ ಆಗಲಿಲ್ಲ.

ಅವಳಿಗಳ ತಾಯಿ: ನೀವು ಏಳನೆಯ ತಿಂಗಳಿಗೇ ಪುಡಿ ಹಾಲಿಗೆ ಇಳಿದವರು. ನೆನಪಿದೆ.

ಸದಸ್ಯೆ 4: ಅದನ್ನು ಇಲ್ಲಿ ಎತ್ತುವ ಅಗತ್ಯವೇನಿತ್ತು? ಕೆಲಸಕ್ಕೆ ಹೋಗುವವರ ಪಾಡು ನಿಮಗೇನು ಗೊತ್ತು?

ಸದಸ್ಯೆ 5: ಇಬ್ಬರೂ ಸಾಕು ಮಾಡಿ. ಅಂದ ಹಾಗೆ, ಮಗು ತಾನೇ ಕೈಯಲ್ಲಿ ಹಿಡಿದು ತಿಂದರೆ ಈ ಸಮಸ್ಯೆಗಳೇ ಇರುವುದಿಲ್ಲ.

ಅವಳಿಗಳ ತಾಯಿ: ಈಗ ಇದೊಂದು ಬಾಕಿ ಇತ್ತು!

ಸಲಹೆಗಾರ್ತಿ: ನಿಮ್ಮ ಜಗಳದಡಿಯಲ್ಲಿ ಒಂದು ಗಂಭೀರ ಪ್ರಶ್ನೆ ಹೂತುಹೋಗಿದೆ. ಎಂಟು ತಿಂಗಳ ಮಗನ ತಾಯಿ, ಇದು ನಿಮಗೆ.

ಊಟ ಹೆಚ್ಚಾಗಿ ಹಾಲು ಇಳಿದಿದ್ದರೆ ಮಗು ಹೊಟ್ಟೆ ತುಂಬಿ ಎದೆ ಬಿಡುತ್ತದೆ, ಅಳುವುದಿಲ್ಲ. ನಿಮ್ಮ ಮಗ ಹಾಲು ಸಾಲದೆ ಅಳುತ್ತಿರುವಂತಿದೆ. ಜೊತೆಗೆ ತೊಟ್ಟಿನ ನೋವು, ಆಯಾಸ, ತೊಳಸು, ಎಲ್ಲವೂ ಎರಡು ವಾರಗಳಲ್ಲಿ. ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಮುಟ್ಟು ಬಂದಿಲ್ಲವೆಂದು ಧೈರ್ಯದಿಂದಿರಬೇಡಿ, ಅದಕ್ಕೂ ಮುಂಚೆಯೇ ಅಂಡ ಬಿಡುಗಡೆಯಾಗಬಹುದು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದಾಗ ಮಾತ್ರ ಹಾಲೂಡಿಸುವುದನ್ನು ಗರ್ಭತಡೆ ಎಂದು ನಂಬಬಹುದು. ನಿಮ್ಮಲ್ಲಿ ಎರಡು ಆಗಲೇ ಮುಗಿದಿವೆ.

ಅದಲ್ಲವಾದರೆ, ಈಸ್ಟ್ರೊಜೆನ್ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದೀರಾ? ಮೂಗು ಕಟ್ಟಿದ್ದಕ್ಕೆ ಸೂಡೊಎಫೆಡ್ರಿನ್ ಇರುವ ಮಾತ್ರೆ ನುಂಗಿದ್ದೀರಾ? ಎರಡೂ ಹಾಲನ್ನು ಇಳಿಸುತ್ತವೆ. ಥೈರಾಯ್ಡ್ ಕೂಡ ನೋಡಿಸಿ.

ಮಗನನ್ನು ನಾಳೆಯೇ ಮಕ್ಕಳ ವೈದ್ಯರಿಗೆ ತೋರಿಸಿ. ಆರೆಂಟು ಗಂಟೆ ಮೂತ್ರವೇ ಇಲ್ಲದಿದ್ದರೆ, ಬಾಯಿ ಒಣಗಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ನಾಳೆಗೆ ಕಾಯದೆ ಈಗಲೇ ಆಸ್ಪತ್ರೆಗೆ. ಊಟ ಕಡಿಮೆ ಮಾಡಬೇಡಿ, ತೆಳ್ಳಗಿದ್ದರೆ ಗಟ್ಟಿ ಮಾಡಿ. ನೀರಿನಿಂದ ಹೊಟ್ಟೆ ತುಂಬಿಸಬೇಡಿ. ಹಾಲು ಕುಡಿಸುವುದನ್ನು ನಾಲ್ಕರಿಂದ ಆರೇಳು ಸಲಕ್ಕೆ ಏರಿಸಿ, ಚೀಪುವುದು ನಿಧಾನವಾದಾಗ ಎದೆಯನ್ನು ಮೆಲ್ಲಗೆ ಒತ್ತಿ, ಬದಿ ಬದಲಿಸಿ. ಎದೆ ಖಾಲಿಯಾದಷ್ಟೂ ಹಾಲಿನ ತಯಾರಿ ಚುರುಕಾಗುತ್ತದೆ. ವೈದ್ಯರು ಪುಡಿ ಹಾಲು ಬೇಕೆಂದರೆ ಕೊಡಿ. ಇಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಎದೆಯೊಳಗೆ ಹಾಲು ಕೆಡುವುದಿಲ್ಲ ಎಂದು ಅತ್ತೆಯವರಿಗೆ ನಾನೇ ಹೇಳಿದೆನೆಂದು ತಿಳಿಸಿ.

ಎಂಟು ತಿಂಗಳ ಮಗನ ತಾಯಿ: ಕೈಕಾಲೇ ಆಡುತ್ತಿಲ್ಲ ಮೇಡಂ. ಗರ್ಭನಿರೋಧಕ ಮಾತ್ರೆ ಇಲ್ಲ. ಶೀತಕ್ಕೆ ನಾಲ್ಕು ದಿನ ಮಾತ್ರೆ ತೆಗೆದುಕೊಂಡಿದ್ದೆ, ಆದರೆ ಅದು ಹೋದ ವಾರ. ಹಾಲು ಅದಕ್ಕೂ ಮುಂಚೆಯೇ ಇಳಿದಿತ್ತು. ಪರೀಕ್ಷೆ ಮಾಡಿ ಇಲ್ಲಿ ಬರೆಯುತ್ತೇನೆ.

ಸದಸ್ಯೆ 5: ಅಭಿನಂದನೆಗಳು ಅಕ್ಕ!

ಸಲಹೆಗಾರ್ತಿ: ಪರೀಕ್ಷೆಯೇ ಆಗಿಲ್ಲ, ಸ್ವಲ್ಪ ತಡೆಯಿರಿ. ಮಗನ ತಾಯಿ, ಫಲಿತಾಂಶವನ್ನು ಇಲ್ಲಿ ಬರೆಯಬೇಡಿ, ನಿಮ್ಮ ವೈದ್ಯರಿಗೆ ಹೇಳಿ. ಗರ್ಭವಾಗಿದ್ದರೂ ತೊಡಕುಗಳಿಲ್ಲದವರು ಸಾಮಾನ್ಯವಾಗಿ ಹಾಲು ಬಿಡಿಸಬೇಕಾಗಿಲ್ಲ. ಆದರೆ ಆಗ ಹಾಲು ಇಳಿಯುವುದು ಹಾರ್ಮೋನಿನಿಂದ. ಎಷ್ಟು ಸಲ ಕುಡಿಸಿದರೂ ಪಂಪ್ ಮಾಡಿದರೂ ಅದು ಏರುವ ಭರವಸೆ ಇಲ್ಲ. ವರ್ಷದೊಳಗಿನ ಮಗುವಿಗೆ ಆ ಕೊರತೆಯನ್ನು ಪುಡಿ ಹಾಲಿನಿಂದ ತುಂಬಬೇಕಾದೀತು.

ಹಿರಿಯ ಸದಸ್ಯೆ: ಹಾಲು ಹೆಚ್ಚಿಸುವ ಮಾತ್ರೆ ಅಂಗಡಿಯಲ್ಲೇ ಸಿಗುತ್ತದಂತಲ್ಲ, ಡೊಂಪೆರಿಡೋನ್?

ಸಲಹೆಗಾರ್ತಿ: ಅದು ಹೃದಯದ ಬಡಿತವನ್ನು ಏರುಪೇರು ಮಾಡಬಹುದು. ವೈದ್ಯರು ಬರೆದುಕೊಡದೆ ಮುಟ್ಟಬೇಡಿ. ಇನ್ನೊಂದು ಮದ್ದು ಇಲ್ಲಿಗೆ ಬಂದರೆ ನಾನು ಎದ್ದು ಹೋಗುತ್ತೇನೆ.

ಸದಸ್ಯೆ 6: ನನಗೆ ಎದೆ ಬಿಗಿಯುವುದಿಲ್ಲ, ಹಾಲು ಕಡಿಮೆಯಾಗಿದೆಯೇ?

ಸಲಹೆಗಾರ್ತಿ: ಮೇಲೆ. ಸಮಯ ಮುಗಿಯಿತು.

ಸದಸ್ಯೆ 3: ಮಗು ಕಚ್ಚುತ್ತದೆ ಎಂದು ಆಗಲೇ ಕೇಳಿದ್ದೆ ಮೇಡಂ.