ಮಿಸಿಸಿಪಿ ನದಿಯ ಲಾಕ್ ಅಂಡ್ ಡ್ಯಾಮ್ ನೋಡಿದವರು ಅನುಭವ ಹೇಳಿ

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ನಾವು ಸೇಂಟ್ ಲೂಯಿಸ್‌ನಲ್ಲಿದ್ದೇವೆ. ಆರ್ಚ್ ನೋಡಿ ಆಯಿತು. ಅಪ್ಪ ನೀರಾವರಿ ಇಲಾಖೆಯಲ್ಲಿ ಇದ್ದವರು, ಹತ್ತಿರದ ಆಲ್ಟನ್‌ನ ಮೆಲ್ವಿನ್ ಪ್ರೈಸ್ ಲಾಕ್ (ದೋಣಿಗಳನ್ನು ಡ್ಯಾಮಿನ ಆಚೆ ಈಚೆ ಏರಿಸಿ ಇಳಿಸುವ, ಎರಡೂ ತುದಿಗೆ ಗೇಟಿರುವ ನೀರಿನ ತೊಟ್ಟಿ) ತೋರಿಸು ಅಂತ ಹಟ ಹಿಡಿದಿದ್ದಾರೆ. ಅರ್ಧ ದಿನ ಕೊಡುವಷ್ಟು ಇದೆಯಾ? ಅಮ್ಮನಿಗೆ ಮಂಡಿ ನೋವು ಬೇರೆ.

*

ಖಂಡಿತ ಹೋಗಿ. ಆದರೆ ದೋಣಿ ಬರುವ ಹೊತ್ತು ನೋಡಿಕೊಂಡು ಹೋಗಿ. ನಾನು ಮೊದಲ ಸಲ ಮಾವನವರನ್ನು ಸುಮ್ನೆ ಕರೆದುಕೊಂಡು ಹೋಗಿ ಒಂದು ಗಂಟೆ ಬರೀ ಕಾಂಕ್ರೀಟ್ ಗೋಡೆ ತೋರಿಸಿ ವಾಪಸ್ ಬಂದೆ. ಅವರು ಕೆಆರ್‌ಎಸ್ ಥರ ಇರುತ್ತದೆ ಅಂದುಕೊಂಡಿದ್ದರು, "ಗೇಟು ಇಷ್ಟು ಗಿಡ್ಡ ಯಾಕೆ?" ಅಂತ ಕೇಳಿದರು. ಇದು ನೀರು ಕೂಡಿಡುವ ಅಣೆಕಟ್ಟಲ್ಲ, ಪ್ರವಾಹ ತಡೆಯುವುದೂ ಇದರ ಕೆಲಸವಲ್ಲ. ಸರಕು ದೋಣಿಗಳಿಗೆ ಕನಿಷ್ಠ 9 ಅಡಿ ಆಳ ಸಿಗಬೇಕು, ಅಷ್ಟೇ. ಜೋರು ಪ್ರವಾಹ ಬಂದರೆ ಗೇಟುಗಳನ್ನೆಲ್ಲ ಮೇಲೆತ್ತಿ ನದಿಯನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ನಿಮ್ಮ ಅಪ್ಪನಿಗೆ ಇದನ್ನು ಮೊದಲೇ ಹೇಳಿಬಿಡಿ.

ಎರಡನೇ ಸಲ ಫೋನಿನಲ್ಲಿ ದೋಣಿಗಳು ಎಲ್ಲಿವೆ ಅಂತ ತೋರಿಸುವ ಮರೀನ್‌ಟ್ರಾಫಿಕ್ ಆ್ಯಪ್ ತೆರೆದು, ಮೇಲಿಂದ ಒಂದು ಟೋಬೋಟ್ (ಸರಕು ತಳ್ಳುವ ದೋಣಿ) ಬರುತ್ತಿದೆ ಅಂತ ಖಾತ್ರಿ ಮಾಡಿಕೊಂಡೇ ಮನೆ ಬಿಟ್ಟೆವು. ಒಂದೇ ದೋಣಿ, ಅದು ತಳ್ಳುವ, ಎಂಜಿನ್ ಇಲ್ಲದ ಹದಿನೈದು ಚಪ್ಪಟೆ ಸರಕು ದೋಣಿ, ಅಂದರೆ ಬಾರ್ಜ್, ಮುಂದೆ. ಮೂರು ಸಾಲು, ಸಾಲಿಗೆ ಐದು. ಒಂದೊಂದು ಬಾರ್ಜ್ 195 ಅಡಿ ಉದ್ದ, 35 ಅಡಿ ಅಗಲ. ಲಾಕಿನ ಅಗಲ 110 ಅಡಿ. ಲೆಕ್ಕ ಹಾಕಿ, ಎರಡೂ ಕಡೆ ಸೇರಿ ಉಳಿಯುವುದು ಐದೇ ಅಡಿ! ಗೋಡೆಗೆ ಉಜ್ಜದ ಹಾಗೆ ಅದನ್ನು ಒಳಗೆ ತೂರಿಸುವುದನ್ನು ನೋಡುವಾಗ ನಾವೇ ಉಸಿರು ಬಿಗಿ ಹಿಡಿದಿದ್ದೆವು. ಆಮೇಲೆ ಮೇಲಿನ ಗೇಟು ಮುಚ್ಚಿ, ಕೆಳಗಿನ ವಾಲ್ವ್ ತೆರೆಯುತ್ತಾರೆ. ಪಂಪ್ ಇಲ್ಲ, ಏನಿಲ್ಲ, ನೀರು ತಾನೇ ಇಳಿಯುತ್ತದೆ. ಸದ್ದೇ ಇಲ್ಲದೆ ಇಡೀ ದೋಣಿ ನಿಧಾನಕ್ಕೆ ಕೆಳಗೆ ಹೋಗುತ್ತದೆ. ಮಾವ ಅವತ್ತು ಒಂದೂ ಪ್ರಶ್ನೆ ಕೇಳಲಿಲ್ಲ.

ಪಕ್ಕದಲ್ಲೇ ನ್ಯಾಷನಲ್ ಗ್ರೇಟ್ ರಿವರ್ಸ್ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಲಾಕ್ ಮೇಲಿನ ಟೂರ್‌ಗೂ ದುಡ್ಡಿಲ್ಲ. ಸಮಯ ಬದಲಾಗುತ್ತಿರುತ್ತದೆ, ಫೋನ್ ಮಾಡಿಯೇ ಹೊರಡಿ. ಎಷ್ಟು ನಡೆಯಬೇಕು ಅಂತಲೂ ಅಮ್ಮನ ಸಲುವಾಗಿ ಆಗಲೇ ಕೇಳಿಬಿಡಿ.

*

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆಲ್ಟನ್ ಲಾಕ್ 1200 ಅಡಿ ಉದ್ದ, ಎಲ್ಲ ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ಮಜಾ ಇರುವುದು 600 ಅಡಿಯ ಹಳೆಯ ಲಾಕ್‌ಗಳಲ್ಲಿ. ಉತ್ತರಕ್ಕೆ ದೂರದಲ್ಲಿ, ಇದೇ ನದಿಯ ರಾಕ್ ಐಲ್ಯಾಂಡ್‌ನ 15ನೇ ನಂಬರಿನದು ಹಾಗೆ. ಅಲ್ಲಿ ಇಡೀ ಸಾಲು ಹಿಡಿಸುವುದಿಲ್ಲ. ಮೊದಲು ಒಂಬತ್ತು ಬಾರ್ಜ್ ಒಳಗೆ ತಳ್ಳಿ, ಬಿಚ್ಚಿ, ದೋಣಿ ಹಿಂದೆ ಸರಿಯುತ್ತದೆ. ಅವನ್ನು ಇಳಿಸಿ ಹೊರಗೆಳೆದ ಮೇಲೆ ಉಳಿದ ಆರರ ಜೊತೆ ದೋಣಿ ಬರುತ್ತದೆ. ಆಮೇಲೆ ಆಳುಗಳು ಉಕ್ಕಿನ ಹಗ್ಗ ಬಿಗಿದು ಎಲ್ಲ ಮತ್ತೆ ಜೋಡಿಸುತ್ತಾರೆ. ಒಂದೂವರೆ ಗಂಟೆ ಆರಾಮಾಗಿ ಹೋಗುತ್ತದೆ, ಕುರ್ಚಿ, ತಿಂಡಿ ಒಯ್ಯಿರಿ. ಆದರೆ ಅದು ಸೈನ್ಯದ ದ್ವೀಪ, ಗೇಟಿನಲ್ಲಿ ತಪಾಸಣೆ ಇದೆ. ಊರಿಂದ ಬಂದವರ ಜೊತೆ ಹೋಗುವುದಾದರೆ ಬಿಡುತ್ತಾರಾ ಅಂತ ಮೊದಲೇ ಕೇಳಿ.

*

ಅಷ್ಟು ದೂರ ವಯಸ್ಸಾದವರನ್ನು ಕಾರಲ್ಲಿ ಕೂರಿಸಬೇಡಿ, ಆಲ್ಟನ್ನೇ ಸಾಕು. ಚಳಿಗಾಲವಾದರೆ ಇನ್ನೂ ಒಳ್ಳೆಯದು. ಉತ್ತರದಲ್ಲಿ ನದಿ ಹೆಪ್ಪುಗಟ್ಟಿ ದೋಣಿಗಳೇ ನಿಂತುಹೋಗುತ್ತವೆ. ಇಲ್ಲಿ ಡ್ಯಾಮಿನ ಕೆಳಗೆ ನೀರು ಕದಡುತ್ತಲೇ ಇದ್ದು ಹೆಪ್ಪುಗಟ್ಟದೆ ಇರುವುದರಿಂದ ಮೀನು ಹಿಡಿಯಲು ಬಿಳಿ ತಲೆಯ ಹದ್ದುಗಳು ಸೇರುತ್ತವೆ. ಗಾಳಿ ಮಾತ್ರ ಜಾಸ್ತಿ, ಅಮ್ಮನಿಗೆ ಟೋಪಿ ಮರೆಯಬೇಡಿ.

ವಾಪಸ್ ಬರುವಾಗ ಹಾರ್ಟ್‌ಫರ್ಡ್‌ನ ಕಾನ್‌ಫ್ಲುಯೆನ್ಸ್ ಟವರ್‌ಗೆ ಹೋಗಿ. ಮಿಸೌರಿ ನದಿ ಬಂದು ಮಿಸಿಸಿಪಿಗೆ ಸೇರುವುದು ಮೇಲಿಂದ ಕಾಣುತ್ತದೆ. ಅದಕ್ಕೆ ಟಿಕೆಟ್ ಇದೆ. ಲಿಫ್ಟ್ ಕೂಡ ಇದೆ.