ಹಾಳೆ ಹರಿಯೋಕೆ ಕೈ ಬರಲ್ಲ: ಇದು ಸ್ವಭಾವಾನೋ, ಮನೆ ಬಡತನಾನೋ?

ಬೋರ್ಡ್‌_ಬರೆಯೋನು, ದಾವಣಗೆರೆ
ನಮ್ಮಪ್ಪ ಕಾಟನ್ ಮಿಲ್‌ನಾಗೆ ಸ್ಪಿನ್ನಿಂಗ್ ಖಾತೆ. ಮಿಲ್ ಮುಚ್ಚಿದಾಗ ನಾನು ಏಳನೇ ಕ್ಲಾಸು. ಅವ್ವ ಮಂಡಕ್ಕಿ ಭಟ್ಟಿಗೆ ಹೋಗೋಕೆ ಶುರು ಮಾಡಿದ್ಲು. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾದೆ. ಊರಾಗೇ ದೃಶ್ಯಕಲಾ ಕಾಲೇಜು, ಸೈಕಲ್ ತುಳಿದ್ರೆ ಹತ್ತು ನಿಮಿಷ. ಸೇರಲಿಲ್ಲ. ಬೋರ್ಡ್ ಬರೆಯೋ ಅಂಗಡಿ ಸೇರಿದೆ, ಅಲ್ಲಿ ಶನಿವಾರಕ್ಕೆ ಬಟವಾಡೆ ಆಗ್ತಿತ್ತು. ಫ್ಲೆಕ್ಸ್ ಬಂದ್ಮೇಲೆ ಬ್ರಷ್ ಹೋತು. ಈಗ ಫ್ಲೆಕ್ಸ್ ಅಂಗಡೀಲೇ ಡಿಸೈನ್ ಮಾಡ್ತೀನಿ.

ಮಗಳು ಚಿತ್ರ ಬರೀತಾಳೆ. ಎರಡು ಗೆರೆ ಸರಿ ಬರ್ಲಿಲ್ಲ ಅಂದ್ರೆ ಪರ್ ಅಂತ ಹರಿದು ಉಂಡೆ ಮಾಡಿ ಎಸೀತಾಳೆ. ಆ ಸದ್ದಿಗೆ ನನ್ನ ಎದೆ ಝಲ್ ಅಂತತಿ. ನಾನು ಇವತ್ತಿಗೂ ಪೆನ್ಸಿಲ್ ಇಡೋ ಮುಂಚೆ ಗಾಳಿಯಾಗೆ ಬೆರಳಾಡಿಸಿ ನೋಡೋನು. ಕಂಪ್ಯೂಟರ್ ಮುಂದೇನೂ ಹಂಗೇ! ಅಲ್ಲಿ ಯಾವ ಹಾಳೆ ಖರ್ಚು ಐತಿ ಹೇಳ್ರಿ? ಗಿರಾಕಿ ‘ಏನಾದ್ರೂ ಹೊಸದು ಮಾಡಣ್ಣ’ ಅಂದ್ರೆ ಕೈ ಹಳೇದನ್ನೇ ಮಾಡ್ತತಿ. ನಿಮ್ಮಲ್ಲಿ ಯಾರಿಗಾದ್ರೂ ಹಿಂಗೆ ಆಗೇತಾ?

ಲೆಕ್ಕದ_ಮೇಷ್ಟ್ರು
ಅಮೆರಿಕದ್ದೊಂದು ಲೆಕ್ಕ ಇದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು 12 ಲಕ್ಷ ಪೇಟೆಂಟ್‌ದಾರರ (ಹೊಸದು ಕಂಡುಹಿಡಿದು ಹಕ್ಕುಪತ್ರ ಪಡೆದವರ) ತೆರಿಗೆ ದಾಖಲೆ ನೋಡಿದರು. ಆದಾಯದಲ್ಲಿ ಎಲ್ಲರಿಗಿಂತ ಮೇಲಿರೋ ಶೇ. 1ರಷ್ಟು ಮನೆಗಳ ಮಕ್ಕಳು ಪೇಟೆಂಟ್ ಪಡೆಯೋ ಸಂಭವ, ಕೆಳಗಿನ ಅರ್ಧದ ಮನೆಗಳ ಮಕ್ಕಳ 10 ಪಟ್ಟು. 3ನೇ ತರಗತಿ ಗಣಿತದಲ್ಲಿ ಸಮಸಮ ಇದ್ದ ಮಕ್ಕಳಲ್ಲೂ ಅಂತರ ಅಳಿಸಿಹೋಗಲಿಲ್ಲ. ಇನ್ನೊಂದು ಸಂಗತಿ: ಸುತ್ತಮುತ್ತ ಯಾವ ಬಗೆಯ ಸಂಶೋಧಕರಿದ್ದರೋ, ಮಕ್ಕಳು ದೊಡ್ಡವರಾಗಿ ಹೆಚ್ಚಾಗಿ ಅದೇ ಬಗೆಯ ಪೇಟೆಂಟ್ ತಗೊಂಡರು. ನೀವು ದಿನಾ ನೋಡಿದ್ದು ಬೋರ್ಡ್ ಬರೆಯೋರನ್ನ. ಆ ಕಾಲೇಜಿನ ಒಬ್ಬರನ್ನಾದರೂ ನೋಡಿದ್ರಾ?

ಕುಣಿಮಗ್ಗ, ಮೊಳಕಾಲ್ಮೂರು
ಮೇಷ್ಟ್ರೇ, ನೋಡಿದ್ರೆ ಸಾಲದು. ನಾನು ಹುಟ್ಟಿದ್ದೇ ಮಗ್ಗದ ಪಕ್ಕ. ಆದರೆ ರೇಷ್ಮೆ ಸಾಹುಕಾರರದು, ಬಣ್ಣ ಹೇಳೋರೂ ಅವರೇ. ಸೀರೆ ಕೆಟ್ಟರೆ ಕೂಲಿ ಮುರೀತಿದ್ರು. ಅಪ್ಪನ ತಲೇಲಿ ಹೊಸ ಬುಟ್ಟಾ ಇದ್ದರೂ ಸೀರೆಗೆ ಇಳೀತಿರಲಿಲ್ಲ. ಹಾಸು ನೂಲು ಮುಗಿಯೋ ಕಡೆ ಗೇಣುದ್ದ ಉಳೀತೈತಲ್ಲ, ಅಲ್ಲಿ ಒಂದು ನವಿಲು ಹಾಕಿ ನೋಡೋರು, ಕತ್ತು ಆಕಡೆ ತಿರುಗಿಸಿ, ಈಕಡೆ ತಿರುಗಿಸಿ. ಆ ತುಂಡುಗಳು ಇನ್ನೂ ನಮ್ಮ ಟ್ರಂಕ್‌ನಲ್ಲಿ ಅದಾವೆ. ಒಂದೂ ಸೀರೆ ಆಗಲಿಲ್ಲ.

ಖಾರಾ_ಮಂಡಕ್ಕಿ
ಕಷ್ಟ ಇದ್ರೇನೇ ಕಲೆ ಹುಟ್ಟೋದು ಬ್ರೋ.

ಬೋರ್ಡ್‌_ಬರೆಯೋನು, ದಾವಣಗೆರೆ
ಖಾರಾ ಅವರೇ, ಇದು ಹೊಟ್ಟೆ ತುಂಬಿದೋರ ಮಾತು. ಒಂದು ಮಾತ್ರ ಒಪ್ಪಿಕೊಳ್ತೀನಿ: ಎನಾಮೆಲ್ ಹಾಳಾಗಬಾರದು ಅಂತ ಸುಣ್ಣದ ದಾರ ಹೊಡೆದು, ಅಕ್ಷರ ಎಣಿಸಿ, ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟು ಬರೆದೋನು ನಾನು. ಅಂಗಡಿ ಹುಡುಗರಿಗೆ ಆ ಅಳತೆ ಇಲ್ಲ, ‘ಶ್ರೀ’ ಬಂದ್ರೆ ಸಾಕು ಪಕ್ಕದ ಅಕ್ಷರ ತುಳೀತಾರೆ. ಆದ್ರೆ ಅದು ಅಳತೆ ಅಷ್ಟೇ, ಚಿತ್ರ ಅಲ್ಲ.

ಮೇಷ್ಟ್ರೇ, ಕಾಲೇಜಿಂದು ನಾನು ನೋಡಿದ್ದು ಗೇಟ್ ಒಂದೇ.

ಅಕ್ಕಾ, ಆ ನವಿಲಿನ ಫೋಟೋ ಹಾಕ್ರಿ, ಮಗಳಿಗೆ ತೋರಿಸ್ತೀನಿ. ಅವಳಿಗೆ ಹರಿಯಬೇಡ ಅಂತ ಇನ್ಮೇಲೆ ಹೇಳಲ್ಲ. ಆದ್ರೆ ನಿನ್ನೆ ಅವಳು ಮಲಗಿದ ಮೇಲೆ ಆ ಉಂಡೆಗಳನ್ನ ಬಿಡಿಸಿ, ಇಸ್ತ್ರಿಪೆಟ್ಟಿಗೆ ತಗೊಂಡು ಒಂದೊಂದೇ ಒತ್ತಿ ಇಟ್ಟೆ. ಹಿಂದಿನ ಮಗ್ಗಲು ಖಾಲಿ ಐತಲ್ಲ.