ಲವಣವನ್ನು ಸಹಿಸುವ ಸಸ್ಯ ಕ್ಷಾರವನ್ನೂ ಸಹಿಸುತ್ತದೆಯೇ?

ಪ್ರಶ್ನೆ:
ಲವಣಯುಕ್ತ ಮಣ್ಣನ್ನೂ ಕ್ಷಾರೀಯ ಮಣ್ಣನ್ನೂ ಸಾಮಾನ್ಯವಾಗಿ ಒಟ್ಟಿಗೇ ವಿವರಿಸಲಾಗುತ್ತದೆ. ಬೇರಿನ ಕೋಶಗಳಿಂದ ಸೋಡಿಯಂ ಅಯಾನುಗಳನ್ನು ಹೊರದೂಡುವ ಎಸ್‌ಒಎಸ್1 ವಂಶವಾಹಿಯ ಬಗ್ಗೆ ಓದಿದ್ದೇನೆ. ಇದು ಚುರುಕಾಗಿರುವ ಸಸ್ಯವು ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಾದರೆ ಕ್ಷಾರ) 9ರ ಆಸುಪಾಸಿನ ಮಣ್ಣಿನಲ್ಲಿಯೂ ಬದುಕಬೇಕಲ್ಲವೇ? ಅಥವಾ ಕ್ಷಾರೀಯತೆಯನ್ನು ಎದುರಿಸಲು ಬೇರೆ ವಂಶವಾಹಿಗಳು ಬೇಕೇ? ಬಲ್ಲವರು ವಿವರಿಸಬೇಕೆಂದು ವಿನಂತಿ.

ಉತ್ತರ 1:
ಎಸ್‌ಒಎಸ್1 ಒಂದೇ ಸಾಲದು. ಈ ವಂಶವಾಹಿ ರೂಪಿಸುವ ಪ್ರೋಟೀನು ಹೊರಗಿನ ಪ್ರೋಟಾನನ್ನು (ಹೈಡ್ರೋಜನ್ ಅಯಾನನ್ನು) ಒಳಕ್ಕೆ ಬಿಟ್ಟುಕೊಂಡು, ಅದರ ಬಲದಿಂದಲೇ ಸೋಡಿಯಂ ಅಯಾನನ್ನು ಹೊರಕ್ಕೆ ಹಾಕುತ್ತದೆ. ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ತುಂಬಿದ ಮಣ್ಣಿನಲ್ಲಿ ಈ ಪ್ರೋಟಾನುಗಳದ್ದೇ ಅಭಾವವಿರುವುದರಿಂದ, ಸಸ್ಯವು ಮೊದಲು ತನ್ನ ಬೇರಿನ ಸುತ್ತ ಆಮ್ಲೀಯತೆಯನ್ನು ತಾನೇ ಉಂಟುಮಾಡಿಕೊಳ್ಳಬೇಕಾಗುತ್ತದೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಆರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ಆ ಕೆಲಸ ಎಎಚ್‌ಎ2 ಎಂಬ ಪ್ರೋಟಾನ್ ಪಂಪಿನದು. ಪಿಕೆಎಸ್5 ಎಂಬ ಕೈನೇಸ್ (ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವ ಕಿಣ್ವ) ಈ ಪಂಪನ್ನು ತಡೆಹಿಡಿಯುತ್ತದೆ. ಜೆ3 ಎಂಬ ಪ್ರೋಟೀನು ಆ ಕೈನೇಸನ್ನೇ ಹತ್ತಿಕ್ಕಿ ಪಂಪನ್ನು ಬಿಡುಗಡೆಗೊಳಿಸುತ್ತದೆ. ಪಿಕೆಎಸ್5 ಕೆಲಸ ಮಾಡದ ಸಸ್ಯಗಳು ಕ್ಷಾರವನ್ನು ಹೆಚ್ಚು ತಾಳಿಕೊಳ್ಳುತ್ತವೆ, ಜೆ3 ಕೆಲಸ ಮಾಡದವು ಬೇಗ ಸೊರಗುತ್ತವೆ.

ಉತ್ತರ 2:
ಮೇಲಿನ ವಿವರಣೆಗೆ ಕಬ್ಬಿಣದ ವಿಷಯವನ್ನೂ ಸೇರಿಸಬೇಕು. ನನ್ನ ದೃಷ್ಟಿಯಲ್ಲಿ ಸೋಡಿಯಂಗಿಂತ ಇದೇ ಹೆಚ್ಚು ಸ್ವಾರಸ್ಯಕರ. ಪಿಎಚ್ ಒಂದು ಅಂಕದಷ್ಟು ಏರಿದರೆ ಫೆರಿಕ್ ಕಬ್ಬಿಣದ ಕರಗುವಿಕೆ ಸುಮಾರು 1000 ಪಟ್ಟು ಕುಸಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದ್ದರೂ ಎಳೆಯ ಎಲೆಗಳು ಹಳದಿಯಾಗುವುದು ಈ ಕಾರಣದಿಂದ. ಹುಲ್ಲಿನ ಕುಟುಂಬವನ್ನು ಬಿಟ್ಟು ಉಳಿದ ಬಹುತೇಕ ಸಸ್ಯಗಳು ಬೇರಿನ ಸುತ್ತ ಆಮ್ಲವನ್ನು ಹೊರಬಿಟ್ಟು, ಎಫ್‌ಆರ್‌ಒ2 ಕಿಣ್ವದಿಂದ ಕಬ್ಬಿಣವನ್ನು ಫೆರಸ್ ರೂಪಕ್ಕೆ ಅಪಕರ್ಷಿಸಿ, ಐಆರ್‌ಟಿ1 ಎಂಬ ಸಾಗಣೆ ಪ್ರೋಟೀನಿನ ಮೂಲಕ ಒಳಗೆಳೆದುಕೊಳ್ಳುತ್ತವೆ. ಹುಲ್ಲಿನ ಕುಟುಂಬದ ಸಸ್ಯಗಳಾದರೋ ಮ್ಯುಜಿನೀಕ್ ಆಮ್ಲದ ಗುಂಪಿಗೆ ಸೇರಿದ ಸಂಯುಕ್ತಗಳನ್ನು ಮಣ್ಣಿಗೆ ಸ್ರವಿಸಿ, ಅವು ಹಿಡಿದುಕೊಂಡ ಕಬ್ಬಿಣವನ್ನು ಹಾಗೆಯೇ ಹೀರಿಕೊಳ್ಳುತ್ತವೆ. ಪಿಎಚ್ ಹೆಚ್ಚಿರುವಲ್ಲಿ ಈ ಎರಡನೆಯ ವಿಧಾನವೇ ಮೇಲು. ಬಾರ್ಲಿ ಈ ಸಂಯುಕ್ತಗಳನ್ನು ಧಾರಾಳವಾಗಿ ಸ್ರವಿಸುತ್ತದೆ, ಭತ್ತ ಅಷ್ಟಾಗಿ ಸ್ರವಿಸುವುದಿಲ್ಲ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಸಂಯುಕ್ತಗಳ ತಯಾರಿಕೆಗೆ ಬೇಕಾದ ಬಾರ್ಲಿಯ ಎನ್‌ಎಎಟಿ ವಂಶವಾಹಿಗಳನ್ನು ಪಡೆದ ಭತ್ತವು ಸುಣ್ಣದ ಅಂಶವಿರುವ ಕ್ಷಾರೀಯ ಮಣ್ಣಿನಲ್ಲಿ ಸಾಮಾನ್ಯ ಭತ್ತಕ್ಕಿಂತ ಚೆನ್ನಾಗಿ ಬೆಳೆಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸಹಿಷ್ಣುತೆಗೆ ಯಾವಾಗಲೂ ಹೊಸ ವಂಶವಾಹಿಯೊಂದು ಸೇರಲೇಬೇಕೇ?

ಉತ್ತರ 3:
ಇಲ್ಲ, ಇರುವುದನ್ನು ಕಳೆದುಕೊಂಡೂ ಸಹಿಷ್ಣುತೆ ಬರಬಹುದು. ಮೇಲೆ ಹೇಳಿದ ಪಿಕೆಎಸ್5 ಅದಕ್ಕೊಂದು ನಿದರ್ಶನ. 2023ರಲ್ಲಿ ಜೋಳದಲ್ಲಿ ವರದಿಯಾದ ಎಟಿ1 ಇನ್ನೊಂದು. ಕೋಶದೊಳಗೆ ಸಂಕೇತ ಸಾಗಿಸುವ ಜಿ ಪ್ರೋಟೀನಿನ ಗ್ಯಾಮಾ ಉಪಘಟಕವನ್ನು ರೂಪಿಸುವ ಈ ವಂಶವಾಹಿ, ಪಿಐಪಿ2 ಗುಂಪಿನ ಅಕ್ವಾಪೊರಿನ್‌ಗಳಿಗೆ (ಕೋಶಪೊರೆಯಲ್ಲಿರುವ ನಾಳಗಳಿಗೆ) ಫಾಸ್ಫೇಟ್ ಸೇರುವುದನ್ನು ತಗ್ಗಿಸುತ್ತದೆ. ಆ ನಾಳಗಳ ಮೂಲಕ ಹೊರಹೋಗಬೇಕಾದ ಹೈಡ್ರೋಜನ್ ಪೆರಾಕ್ಸೈಡ್ ಆಗ ಕೋಶದೊಳಗೇ ಉಳಿದು ಹಾನಿ ಮಾಡುತ್ತದೆ. ಎಟಿ1 ಅಥವಾ ಅದಕ್ಕೆ ಸಮಾನವಾದ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದಾಗ ಜೋಳ, ಭತ್ತ, ನವಣೆ, ಮೆಕ್ಕೆಜೋಳಗಳು ಲವಣ-ಕ್ಷಾರೀಯ ಹೊಲಗಳಲ್ಲಿ ಹೆಚ್ಚು ಇಳುವರಿ ಕೊಟ್ಟವು. ಆದರೆ ಒಂದು ಎಚ್ಚರಿಕೆ: ಭತ್ತದಲ್ಲಿ ಇದಕ್ಕೆ ಸಮಾನವಾದದ್ದು ಕಾಳಿನ ಉದ್ದವನ್ನು ನಿಯಂತ್ರಿಸುವ ಜಿಎಸ್3. ಆದ್ದರಿಂದ ಕ್ಷಾರ ಸಹಿಷ್ಣುತೆಗಾಗಿ ಅದನ್ನು ಬದಲಿಸುವ ತಳಿ ವಿಜ್ಞಾನಿಯು ಕಾಳು ಉದ್ದವಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.